ಎಳ್ಳಮಾಸಿಗೆ ಬಂಡಲ್ ಒಯ್ಯಬೇಡಿ

ವಿಜಯಪುರದಿಂದ ಒಬ್ಬ ಓದುಗರು ಬರೆದಿದ್ದಾರೆ. ಸರ್ಕಾರಿ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಬರುವ ಶುಕ್ರವಾರ ಎಳ್ಳ ಅಮಾವಾಸ್ಯೆ, ಅದರ ಮುಂದಿನ ಸೋಮವಾರ ಇಂಟರ್ನಲ್ ಅಂಕ ಕೊಡಲೇಬೇಕು ಎಂದು ವಿಭಾಗದ ಮುಖ್ಯಸ್ಥರು (ಎಚ್‌ಓಡಿ) ತಾಕೀತು ಮಾಡಿದ್ದಾರೆ. ಮೂರು ಕ್ಲಾಸಿನ ಟೆಸ್ಟ್ ಪೇಪರು, ಅಸೈನ್‌ಮೆಂಟು ಕಟ್ಟಿದ ಹಾಗೇ ಇವೆ. ಡೋಣಿ ನದಿ ದಂಡೆಯ ಊರಿನಿಂದ ಅತ್ತೆ ‘ಗುರುವಾರವೇ ಬಾ’ ಎನ್ನುತ್ತಾರೆ. ನೆಗೆಣ್ಣಿ ಒಬ್ಬಳೇ ಎಷ್ಟು ಮಾಡಬೇಕು ಎಂಬ ಮಾತೂ ಬಂದಿದೆ. ರವಿವಾರದ ತನಕ ಬಿಡುವುದಿಲ್ಲ. ‘ಬಂಡಲ್ ಊರಿಗೇ ಒಯ್ದು ನಡುನಡುವೆ ತಿದ್ದಲೇ, ಹಬ್ಬವನ್ನೇ ಬಿಡಲೇ?’ ಎಂಬುದು ಅವರ ಪ್ರಶ್ನೆ.

ಮೇಡಂ, ಹಬ್ಬ ಬಿಡಬೇಡಿ. ಬಂಡಲ್ ಒಯ್ಯಲೂ ಬೇಡಿ.

ಊರಿಗೆ ಹೋದ ಪೇಪರು ತಿದ್ದಿಸಿಕೊಂಡು ಬರುವುದು ಕಡಿಮೆ, ಎಣ್ಣೆಗಾಯಿಯ ಕಲೆ ಹಚ್ಚಿಕೊಂಡು ಬರುವುದೇ ಜಾಸ್ತಿ. ಎಳ್ಳಮಾಸಿ ಮನೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕೇ? ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿ ಪಲ್ಯ, ಮೇಲೆ ಬುತ್ತಿ ಕಟ್ಟುವ ಗದ್ದಲ. ಅದರ ನಡುವೆ ಸೊಸೆ ಮೂಲೆಯಲ್ಲಿ ಕೆಂಪು ಪೆನ್ನು ಹಿಡಿದು ಕೂತರೆ ಬಾಯಿಬಿಟ್ಟು ಯಾರೂ ಬೈಯಲಿಕ್ಕಿಲ್ಲ. ನೆಗೆಣ್ಣಿ ಪರಾತ ಒಂದಿಷ್ಟು ಜೋರಾಗಿ ಕೆಳಗಿಟ್ಟರೆ ಸಾಕು, ನಿಮ್ಮ ಕಣ್ಣು ಪೇಪರಿನ ಮೇಲೆ ನಿಲ್ಲುವುದಿಲ್ಲ. ಆಗ ಕೈಗೆ ಸಿಕ್ಕ ಹುಡುಗನ ನಸೀಬು ಕೆಟ್ಟಿತು. ನೂರರಲ್ಲಿ ಇಂಟರ್ನಲ್‌ದು ಬರೀ 20 ಅಂತ ಹಗುರ ಮಾಡುವ ಹಾಗಿಲ್ಲ. ಉಳಿದ 80ರ ಯೂನಿವರ್ಸಿಟಿ ಪೇಪರಿನಲ್ಲಿ ಹೆಸರು ಇರುವುದಿಲ್ಲ. ಈ 20 ಮಾತ್ರ ಮುಖ ಗೊತ್ತಿದ್ದೇ ಹಾಕುವ ಅಂಕ. ಹಿಂದಿನ ಬೆಂಚಿನ ಗಲಾಟೆ ನೆನಪಾಗಿ ಅರ್ಧ ಅಂಕ ಕತ್ತರಿಸುವುದು ಮನಸ್ಸು ಕಿರಿಕಿರಿಯಾದಾಗಲೇ.

ಈ ಸಂಚಿಕೆ ನಿಮ್ಮ ಕೈಗೆ ಬರುವುದು ಸೋಮವಾರ. ಗುರುವಾರ ರಾತ್ರಿಯವರೆಗೆ ವೇಳೆ ಇದೆ. ಒಂದೊಂದೇ ಪೇಪರನ್ನು ಮೊದಲಿನಿಂದ ಕೊನೆವರೆಗೆ ತಿದ್ದುತ್ತಾ ಕೂಡಬೇಡಿ. ಎಲ್ಲರ ಮೊದಲ ಪ್ರಶ್ನೆ ಒಮ್ಮೆಗೆ, ಆಮೇಲೆ ಎಲ್ಲರ ಎರಡನೆಯದು. ಶುರು ಮಾಡುವ ಮುಂಚೆ ಒಂದು ಚೀಟಿ ಬರೆದಿಟ್ಟುಕೊಳ್ಳಿ. ಬೇಡಿಕೆಯ ನಿಯಮ ಐದು ಅಂಕಕ್ಕೆ ಕೇಳಿದ್ದೀರಿ ಅಂತಿಟ್ಟುಕೊಳ್ಳಿ: ವಿವರಣೆಗೆ ಒಂದು, ಪಟ್ಟಿಗೆ ಒಂದು, ನಕ್ಷೆಗೆ ಎರಡು, ಅಪವಾದಗಳಿಗೆ ಒಂದು. ರೇಖೆಯನ್ನು ಸರಿಯಾಗಿ ಎಡದಿಂದ ಬಲಕ್ಕೆ ಇಳಿಸಿ, ಬೆಲೆ ಯಾವ ಅಕ್ಷ, ಪ್ರಮಾಣ ಯಾವ ಅಕ್ಷ ಅಂತ ಬರೆಯಲು ಮರೆತವನಿಗೆ ಎಷ್ಟು? ಒಂದೇ ಸಲ ತೀರ್ಮಾನಿಸಿ ಚೀಟಿಗೆ ಹಾಕಿ. ಇಲ್ಲದಿದ್ದರೆ ಸಂಜೆ ಆರಕ್ಕೆ ಒಂದು ನ್ಯಾಯ, ರಾತ್ರಿ ಹನ್ನೊಂದಕ್ಕೆ ಇನ್ನೊಂದು. ಎರಡನೇ ಪ್ರಶ್ನೆಗೆ ಬಂದಾಗ ಕಟ್ಟನ್ನು ತಿರುವಿ ಕೆಳಗಿನಿಂದ ಹಿಡಿಯಿರಿ. ಪ್ರತಿ ಸಲ ಅದೇ ಹುಡುಗರಿಗೆ ನಿಮ್ಮ ದಣಿದ ಕಣ್ಣು ಯಾಕೆ ಬೀಳಬೇಕು?

ಅಸೈನ್‌ಮೆಂಟಿಗೆ ಅಷ್ಟು ಜೀವ ತೇಯಬೇಡಿ. ಮೂವರು ಒಂದೇ ವಾಕ್ಯವನ್ನು ಅದೇ ಕಾಗುಣಿತದ ತಪ್ಪಿನೊಂದಿಗೆ ಬರೆದಿರುತ್ತಾರೆ, ಅಲ್ವಾ? ಅಂಚಿನಲ್ಲಿ ಉದ್ದುದ್ದ ಟಿಪ್ಪಣಿ ಬರೆದರೆ ಓದುವವರು ಯಾರು? ಕಪಾಟು ಸೇರುವ ಕಾಗದ ಅದು. ಅಂಕ ಹಾಕಿ ಮುಂದೆ ಸಾಗಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಅತ್ತೆ ಇದ್ದಾರೆ, ನೆಗೆಣ್ಣಿ ಇದ್ದಾರೆ, ಎಚ್‌ಓಡಿ ಇದ್ದಾರೆ. ಯಜಮಾನರು ಎಲ್ಲಿ? ಗುರುವಾರ ಅವರು ಮೊದಲು ಹೋಗಲಿ. ಶೇಂಗಾ ಹುರಿದು ಸಿಪ್ಪೆ ತೆಗೆಯಲು, ಬೆಲ್ಲ ಕುಟ್ಟಲು ಯಾವ ಡಿಗ್ರಿಯೂ ಬೇಕಿಲ್ಲ. ಸರ್ಕಾರ 2022ರಲ್ಲಿ ಅತಿಥಿ ಉಪನ್ಯಾಸಕರ ಗೌರವಧನ ಏರಿಸಿದಾಗ ವಾರಕ್ಕೆ 15 ತಾಸಿನ ಪಾಠ ಅಂತ ಲೆಕ್ಕ ಹಿಡಿಯಿತು. ಪೇಪರ್ ತಿದ್ದುವ ರಾತ್ರಿಗಳು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಸರ್ಕಾರವೇ ಕಾಣದ ಕೆಲಸ ಊರಲ್ಲಿರುವ ಅತ್ತೆಗೆ ಹೇಗೆ ಕಂಡೀತು? ಅವರಿಗೆ ಅದನ್ನು ಹೇಳಬೇಕಾದವರು ಮಗನೇ. ನೀವು ಹೇಳಿದರೆ ಸೊಸೆ ಕೆಲಸಗಳ್ಳಿ ಅನ್ನಿಸಿಕೊಳ್ಳುತ್ತೀರಿ.

ಶುಕ್ರವಾರ ನಸುಕಿನ ಬಸ್ಸು ಹಿಡಿಯಿರಿ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರ ಪೂಜೆ ಮಾಡುವ ಹೊತ್ತಿಗೆ ನೀವು ಹೊಲದಲ್ಲಿರಬೇಕು. ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುತ್ತಾ ಜೋಳದ ಸಾಲಿನಲ್ಲಿ ಸುಮ್ನೆ ನಡೆದು ಬನ್ನಿ. ಎರೆ ಹೊಲದ ಹಿಂಗಾರಿ ಜೋಳ ನೋಡಲು ವರ್ಷಕ್ಕೆ ಇದೊಂದೇ ನೆಪ ಉಳಿದಿದೆ. ಮೊಬೈಲಿನಲ್ಲಿ ಎಚ್‌ಓಡಿ ಮೆಸೇಜು ನೋಡಬೇಡಿ.

ಶನಿವಾರ ಮಧ್ಯಾಹ್ನ ವಾಪಸ್. ರವಿವಾರ ಇಡೀ ದಿನ ಅಂಕ ಏರಿಸಲು ಇರಲಿ. ಮನೆಯಲ್ಲಿ ಯಾರಾದರೂ ಓದಿ ಹೇಳಲಿ, ನೀವು ಬರೆದುಕೊಳ್ಳಿ. 12 ಇದ್ದದ್ದು 11 ಆಗುವುದು ಇಲ್ಲಿಯೇ. ಕೊಡುವ ಮುಂಚೆ ಪಟ್ಟಿಯ ಒಂದು ಝೆರಾಕ್ಸ್ ಇಟ್ಟುಕೊಳ್ಳಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ‘ಮೇಡಂ, ನನ್ನ ಇಂಟರ್ನಲ್ ಯಾಕೆ ಕಡಿಮೆ?’ ಅಂತ ಯಾವನಾದರೂ ಅಡ್ಡ ನಿಂತರೆ ಕೆಲಸಕ್ಕೆ ಬರುತ್ತದೆ.

ಅತ್ತೆಗೆ ಫೋನು ಇವತ್ತೇ ಹೋಗಲಿ, ಯಜಮಾನರ ಮೊಬೈಲಿನಿಂದ. ಗುರುವಾರ ಸಂಜೆ ಮಾಡಿದರೆ ಅದು ಸಬೂಬು ಅನ್ನಿಸುತ್ತದೆ.

— ಸಂಪಾದಕ