ಪತ್ರಿಕೋದ್ಯಮ ತರಗತಿಯಲ್ಲಿ ಕಲಿಯುವ ವಿದ್ಯೆಯೇ? ಓದುಗರೊಬ್ಬರಿಗೆ ಸಂಪಾದಕರ ಉತ್ತರ

(ಹಾವೇರಿ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ: ‘ಕನ್ನಡ ಮಾಧ್ಯಮದಲ್ಲೇ ಓದಿದ ನನ್ನ ಮಗಳು ಈ ವರ್ಷ ಬಿ.ಎ. ಮುಗಿಸಿದ್ದಾಳೆ. ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗದಲ್ಲಿ ಎಂ.ಎ. ಮಾಡುವುದಾಗಿ ಹಟ ಹಿಡಿದಿದ್ದಾಳೆ. ನಮ್ಮೂರಿನ ಹಿರಿಯ ವರದಿಗಾರರು, ಇದು ತರಗತಿಯಲ್ಲಿ ಕೂತು ಕಲಿಯುವ ವಿದ್ಯೆಯಲ್ಲ, ಎರಡು ವರ್ಷ ಹಾಳು ಮಾಡದೆ ನೇರವಾಗಿ ಪತ್ರಿಕೆಗೆ ಸೇರಿಸಿ ಎನ್ನುತ್ತಾರೆ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿರುತ್ತದೆಂಬ ಅಳುಕೂ ನನಗಿದೆ. ತಮ್ಮ ಅಭಿಪ್ರಾಯ ತಿಳಿಸಬೇಕು.’)

ಮಾನ್ಯರೇ,

ನಿಮ್ಮೂರಿನ ಹಿರಿಯರು ಹೇಳಿದ ಮಾತನ್ನು ನಾನು ಈ ವೃತ್ತಿಗೆ ಬಂದ ದಿನದಿಂದ ಕೇಳುತ್ತಿದ್ದೇನೆ, ಅದೂ ನಾನು ಗೌರವಿಸುವವರ ಬಾಯಿಂದಲೇ. ಅವರು ಕಲಿತ ಸುದ್ದಿಮನೆಯಲ್ಲಿ ಹೊಸಬರ ವರದಿಯನ್ನು ಸಾಲುಸಾಲಾಗಿ ತಿದ್ದಿ, ‘ಇಲ್ಲಿ ಬಾರಪ್ಪ’ ಎಂದು ಮೇಜಿನ ಬಳಿ ನಿಲ್ಲಿಸಿಕೊಂಡು, ಯಾವ ಪದ ಏಕೆ ಹೋಯಿತು ಎಂದು ಹೇಳುವ ಮುಖ್ಯ ಉಪಸಂಪಾದಕರೊಬ್ಬರು ಇರುತ್ತಿದ್ದರು. ಅಂಥವರ ಕೈಕೆಳಗೆ ಎರಡು ವರ್ಷ ದುಡಿದವರಿಗೆ ಬೇರೆ ಶಾಲೆ ಬೇಕಿರಲಿಲ್ಲ. ಆದರೆ ವರದಿಗಾರ ಮೊಬೈಲಿನಲ್ಲಿ ಟೈಪಿಸಿ ಕಳುಹಿಸಿದ್ದು ಹತ್ತು ನಿಮಿಷದಲ್ಲಿ ಜಾಲತಾಣಕ್ಕೂ, ಸಂಜೆಯ ಹೊತ್ತಿಗೆ ಪುಟಕ್ಕೂ ಏರುವ ಈ ದಿನಗಳಲ್ಲಿ, ತಿದ್ದಿ ಹೇಳುವ ಆ ಪುರುಸೊತ್ತು ಬಹುಪಾಲು ಸುದ್ದಿಮನೆಗಳಲ್ಲಿ ಉಳಿದಿಲ್ಲ. ಹಾಗಾಗಿ ನೇರವಾಗಿ ಪತ್ರಿಕೆಗೆ ಸೇರಿದ ಹುಡುಗಿ ಕೆಲಸ ಮಾಡಲು ಬೇಗ ಕಲಿತಾಳು, ಆದರೆ ತನ್ನ ತಪ್ಪು ಯಾವುದೆಂದು ತಿಳಿಯಲು ಅವಳಿಗೆ ಬಹಳ ಕಾಲ ಹಿಡಿಯುತ್ತದೆ. ವಿಶ್ವವಿದ್ಯಾಲಯದ ವಿಭಾಗದಿಂದ ನಾನು ನಿರೀಕ್ಷಿಸುವುದು ಮುಖ್ಯವಾಗಿ ಇದನ್ನೇ: ತಪ್ಪು ಮಾಡಲು ಎರಡು ವರ್ಷದ ಅವಕಾಶ, ಮತ್ತು ಆ ತಪ್ಪನ್ನು ತಾಳ್ಮೆಯಿಂದ ತೋರಿಸಿಕೊಡುವ ಒಬ್ಬ ಗುರು.

ಇಂಥ ಶಾಲೆಗಳನ್ನು ಕಟ್ಟಿದವರು ಪತ್ರಿಕೆಯ ಕೆಲಸ ತಿಳಿಯದ ಪಂಡಿತರಾಗಿರಲಿಲ್ಲ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಪತ್ರಿಕೋದ್ಯಮ ಶಾಲೆಯನ್ನು ಆರಂಭಿಸಿದ ವಾಲ್ಟರ್ ವಿಲಿಯಮ್ಸ್ ಮುದ್ರಣಾಲಯದ ಕೆಲಸದ ಹುಡುಗನಾಗಿ ವೃತ್ತಿಗೆ ಬಂದು ಸಂಪಾದಕರಾದವರು; ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅವರ ಶಾಲೆಯಲ್ಲಿ ತರಗತಿಗಳು ಶುರುವಾದ ಮೊದಲ ದಿನವೇ ವಿದ್ಯಾರ್ಥಿಗಳ ಪತ್ರಿಕೆಯ ಮೊದಲ ಸಂಚಿಕೆಯೂ ಅಚ್ಚಾಗಿ ಹೊರಬಂತು. ಅವಿಭಜಿತ ಭಾರತದಲ್ಲಿ 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗ ಆರಂಭವಾಯಿತು. ನಮ್ಮಲ್ಲಿ ನಾಡಿಗ ಕೃಷ್ಣಮೂರ್ತಿಯವರು 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮವನ್ನು ಪದವಿಯ ವಿಷಯವಾಗಿ ತಂದರು. ಇಂದು ಕನ್ನಡ ಪತ್ರಿಕೆಗಳಲ್ಲೂ ವಾಹಿನಿಗಳಲ್ಲೂ ಮೈಸೂರಿನ ವಿಭಾಗದಲ್ಲಿ ಓದಿದವರು, ಅವರಿಂದ ಪಾಠ ಕೇಳಿದವರು ಎಷ್ಟೋ ಮಂದಿ ಇದ್ದಾರೆ.

ಇದಕ್ಕೂ ಹಿಂದಿನ ಸಂಗತಿಯೊಂದನ್ನು ಇಲ್ಲಿ ನೆನೆಯಬೇಕು. ಅದೇ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್ ಶಕ್ತಿಯ ಪುಟ್ಟ ಪ್ರಸಾರಯಂತ್ರವನ್ನಿಟ್ಟುಕೊಂಡು ಬಾನುಲಿ ಕೇಂದ್ರ ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯ ಕೇಂದ್ರದ್ದು. ಅಧ್ಯಾಪಕನಾದವನು ಮಾಧ್ಯಮದ ಬಗ್ಗೆ ಪಾಠ ಹೇಳಿದರಷ್ಟೇ ಸಾಲದು, ಅದನ್ನು ನಡೆಸಿಯೂ ತೋರಿಸಬೇಕು ಎಂಬ ಮೇಲ್ಪಂಕ್ತಿ ನಮ್ಮ ನೆಲದಲ್ಲೇ ಇದೆ. ನಾನು ವಿಭಾಗಗಳನ್ನು ಅಳೆಯುವುದು ಈ ಅಳತೆಗೋಲಿನಿಂದಲೇ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಇಂಟರ್ನ್‌ಶಿಪ್‌ಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳ ಕೆಲಸವನ್ನು ನಿಮಗೆ ಹೇಳಬೇಕೆನಿಸುತ್ತದೆ. ಕೆರೆಯಲ್ಲಿ ಈಜಲು ಇಳಿದ ಇಬ್ಬರು ಬಾಲಕರು ಮುಳುಗಿ ಸತ್ತ ಸುದ್ದಿ ಬಂದಿತ್ತು. ಠಾಣೆಯ ಪ್ರಕಟಣೆಯಲ್ಲಿ ಹೆಸರು, ವಯಸ್ಸು, ‘ಆಕಸ್ಮಿಕ’ ಎಂಬ ಪದ ಎಲ್ಲವೂ ಇದ್ದವು; ನಾಲ್ಕು ಸಾಲಿನ ಸುದ್ದಿಗೆ ಅಷ್ಟು ಸಾಕಿತ್ತು. ಆಕೆ ಬಸ್ಸು ಹಿಡಿದು ಆ ಊರಿಗೆ ಹೋದಳು. ಮೊಣಕಾಲುದ್ದ ನೀರಿರುವ ಕೆರೆಯಲ್ಲಿ ಹುಡುಗರು ಮುಳುಗಿದ್ದು ಹೇಗೆ ಎಂದು ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರನ್ನು ಕೇಳಿದಳು. ಬೇಸಿಗೆಯಲ್ಲಿ ಇಟ್ಟಿಗೆ ಗೂಡಿಗೆಂದು ಜೆಸಿಬಿಯಿಂದ ಮಣ್ಣು ತೆಗೆದಿದ್ದ ಗುಂಡಿ, ಮಳೆ ಬಿದ್ದ ಮೇಲೆ ನೀರಿನಡಿ ಮರೆಯಾಗಿತ್ತು. ಅಲ್ಲಿಂದ ಗ್ರಾಮ ಪಂಚಾಯಿತಿಗೆ ನಡೆದು, ಮಣ್ಣು ತೆಗೆಯಲು ಅನುಮತಿ ಕೊಟ್ಟ ನಡಾವಳಿ ಇದೆಯೇ ಎಂದು ವಿಚಾರಿಸಿದಳು. ಅಂಥದ್ದು ಇರಲಿಲ್ಲ. ರಾತ್ರಿ ಎಂಟಕ್ಕೆ ಕೆಸರಾದ ಚಪ್ಪಲಿಯಲ್ಲೇ ಬಂದು ಕೂತು ವರದಿ ಬರೆದಳು. ‘ಆಕಸ್ಮಿಕ’ ಎಂಬ ಪದ ಅದರಲ್ಲಿ ಇರಲಿಲ್ಲ. ನಡಾವಳಿ ಕೇಳಬೇಕೆಂದು ನಿನಗೆ ಹೇಳಿಕೊಟ್ಟವರು ಯಾರಮ್ಮ ಎಂದು ಕೇಳಿದೆ. ತಮ್ಮ ವಿಭಾಗದಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಗ್ರಾಮಸಭೆಯಲ್ಲಿ ಕೂತು ವರದಿ ಮಾಡಬೇಕು, ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ಸ್ವತಃ ಹಾಕಬೇಕು ಎಂಬ ನಿಯಮವನ್ನು ಅವಳ ಗುರುಗಳು ಇಟ್ಟಿದ್ದರಂತೆ. ಇದು ತರಗತಿಯಲ್ಲಿ ಕಲಿತ ವಿದ್ಯೆಯೇ ಅಲ್ಲವೇ?

ಕಾನೂನಿನ ವಿಷಯದಲ್ಲಂತೂ ತರಗತಿಗೆ ಬದಲಿಯೇ ಇಲ್ಲವೆಂದು ನನಗೆ ಖಚಿತವಾಗಿದೆ. ಒಮ್ಮೆ ಬಾಲಕಿಯೊಬ್ಬಳ ಮೇಲಿನ ದೌರ್ಜನ್ಯದ ವರದಿ ನಮ್ಮ ಮೇಜಿಗೆ ಬಂತು. ಹೆಸರು ಬರೆಯಬಾರದೆಂಬುದು ವರದಿಗಾರರಿಗೆ ಗೊತ್ತಿತ್ತು, ಬರೆದಿರಲಿಲ್ಲ. ಆದರೆ ಅವಳ ಊರು, ಓದುತ್ತಿದ್ದ ಶಾಲೆ, ತಂದೆಯ ಕಸುಬು ಮೂರೂ ವರದಿಯಲ್ಲಿದ್ದವು. ಆ ಊರಿನವರಿಗೆ ಅದಕ್ಕಿಂತ ಹೆಚ್ಚಿನ ಗುರುತು ಬೇಕಿರಲಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ ಹೆಸರಿನ ಜೊತೆಗೆ ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಹೀಗೆ ಮಗುವಿನ ಗುರುತು ಸಿಗುವ ಯಾವುದನ್ನೂ ಪ್ರಕಟಿಸಬಾರದು ಎನ್ನುತ್ತದೆ. ಪುಟ ಅಚ್ಚಿಗೆ ಹೋಗುವ ಮುನ್ನ ಉಪಸಂಪಾದಕಿಯೊಬ್ಬರು ಅದನ್ನು ಗಮನಿಸಿ ತೆಗೆದರು. ಅವರಿಗೆ ಆ ಕಲಂ ಬಾಯಿಪಾಠವಾಗಿದ್ದುದು ಎಂ.ಎ.ಯಲ್ಲಿ ಮಾಧ್ಯಮ ಕಾನೂನಿನ ಪರೀಕ್ಷೆಗೆ ಓದಿದ್ದರಿಂದ. ಆ ಮಗುವಿನ ಮನೆಯವರಿಗೆ ಈ ಸಂಗತಿ ಎಂದಿಗೂ ತಿಳಿಯುವುದಿಲ್ಲ. ನನಗೆ ಮಾತ್ರ ಆ ರಾತ್ರಿ ಮರೆತಿಲ್ಲ.

ಇಷ್ಟು ಹೇಳಿದ ಮೇಲೆ, ವಿಭಾಗಗಳ ಕೊರತೆಯನ್ನು ಮುಚ್ಚಿಟ್ಟರೆ ನಿಮಗೆ ದ್ರೋಹ ಮಾಡಿದಂತಾಗುತ್ತದೆ. ಲಕ್ಷಾಂತರ ರೂಪಾಯಿಯ ಕ್ಯಾಮೆರಾಗಳನ್ನು ಕೊಂಡು, ಮಕ್ಕಳು ಕೆಡಿಸಿಬಿಟ್ಟಾರೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ ವಿಭಾಗವನ್ನು ನಾನು ಕಂಡಿದ್ದೇನೆ. ಕಾಯಂ ಅಧ್ಯಾಪಕರಿಲ್ಲದೆ, ಮುಂದಿನ ವರ್ಷ ತಾವಿರುತ್ತೇವೋ ಇಲ್ಲವೋ ತಿಳಿಯದ ಅತಿಥಿ ಉಪನ್ಯಾಸಕರ ಶ್ರಮದ ಮೇಲೆಯೇ ನಡೆಯುವ ಕಡೆಗಳಿವೆ. ವಿದ್ಯಾರ್ಥಿಗಳು ತರಬೇಕಾದ ಪ್ರಾಯೋಗಿಕ ಪತ್ರಿಕೆಯನ್ನು, ಪರಿಶೀಲನಾ ಸಮಿತಿ ಬರುವ ವಾರ ಮಾತ್ರ ಅವಸರದಲ್ಲಿ ಅಚ್ಚು ಹಾಕಿಸುವುದೂ ಉಂಟು. ಇಂಥ ಕಡೆಯಿಂದ ಬಂದವರು ಸಂವಹನದ ಸಿದ್ಧಾಂತಗಳನ್ನು ಚೆನ್ನಾಗಿ ವಿವರಿಸುತ್ತಾರೆ. ಐದು ಪದದ ಶೀರ್ಷಿಕೆ ಕೊಡಲು ಹೇಳಿದರೆ ಮಂಕಾಗುತ್ತಾರೆ. ನಿಮ್ಮ ಹಿರಿಯ ಮಿತ್ರರ ಕಣ್ಣ ಮುಂದೆ ಇದ್ದವರು ಇವರೇ ಇರಬೇಕು. ಇವರ ಮಟ್ಟಿಗೆ ಅವರ ಮಾತು ನಿಜ.

ಇನ್ನು ಭಾಷೆಯ ಅಳುಕು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕನ್ನಡದಲ್ಲೇ ಉತ್ತರ ಬರೆದು ಪಾಸಾದ ಎಷ್ಟೋ ಮಂದಿ ನನ್ನ ಜೊತೆ ಕೆಲಸ ಮಾಡಿದ್ದಾರೆ. ಆದರೆ ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು ಎಂಬುದು ದಿಟ, ಮತ್ತು ಆ ಪುಸ್ತಕಗಳ ಉದಾಹರಣೆಗಳು ನಮ್ಮ ತಾಲ್ಲೂಕು ಕಚೇರಿಯನ್ನೋ ಎಪಿಎಂಸಿಯನ್ನೋ ಕಂಡವಲ್ಲ. ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದಂದಿನಿಂದ ಲೆಕ್ಕ ಹಾಕಿದರೆ ಕನ್ನಡ ಪತ್ರಿಕೆಗಳಿಗೆ 180 ವರ್ಷಕ್ಕೂ ಮೀರಿದ ಅನುಭವವಿದೆ, ಬೆಳೆಹಾನಿಯಿಂದ ಬಜೆಟ್‌ವರೆಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದ ಅಭ್ಯಾಸವಿದೆ. ಆ ಅನುಭವವೇ ಪಠ್ಯವಾಗಬೇಕೆಂಬುದು ನನ್ನ ಬಹುಕಾಲದ ಆಸೆ. ನಿಮ್ಮ ಮಗಳು ಇಂಗ್ಲಿಷಿನಲ್ಲಿ ಓದಿ ಅರ್ಥಮಾಡಿಕೊಳ್ಳುವಷ್ಟನ್ನು ಖಂಡಿತ ಗಳಿಸಿಕೊಳ್ಳಬೇಕು, ಏಕೆಂದರೆ ನ್ಯಾಯಾಲಯದ ತೀರ್ಪು, ಲೆಕ್ಕಪರಿಶೋಧಕರ ವರದಿ ಅವಳ ಕೈಗೆ ಬರುವುದು ಹೆಚ್ಚಾಗಿ ಇಂಗ್ಲಿಷಿನಲ್ಲೇ. ಅದನ್ನು ಓದಿ ಹಾವೇರಿಯ ಮೆಣಸಿನಕಾಯಿ ಬೆಳೆಗಾರರಿಗೆ ತಿಳಿಯುವ ಕನ್ನಡದಲ್ಲಿ ಬರೆಯಬಲ್ಲವರು ನಮಗೆ ಸಿಗುವುದು ಅಪರೂಪ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಇಲ್ಲಿ ಅವಳ ಕೈಹಿಡಿಯುತ್ತದೆ.

ಉದ್ಯೋಗದ ಬಗ್ಗೆ ನೀವು ಕೇಳಿಲ್ಲ. ಆದರೂ ತಂದೆಯ ಮನಸ್ಸಿನಲ್ಲಿ ಅದು ಇದ್ದೇ ಇರುತ್ತದೆ. ಆರಂಭದ ಸಂಬಳ ಕಡಿಮೆ, ರಾತ್ರಿ ಪಾಳಿ ಉಂಟು. ಪತ್ರಿಕೆ, ವಾಹಿನಿಗಳಲ್ಲದೆ ವಾರ್ತಾ ಇಲಾಖೆ, ಜಾಹೀರಾತು ಸಂಸ್ಥೆ, ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಬರೆದು ಅಧ್ಯಾಪನ, ಹೀಗೆ ಬೇರೆ ದಾರಿಗಳೂ ಇವೆ.

ಅರ್ಜಿ ಹಾಕುವ ಮುನ್ನ ತಂದೆ-ಮಗಳು ಇಬ್ಬರೂ ಒಂದು ದಿನ ಆ ವಿಭಾಗಕ್ಕೆ ಹೋಗಿ ಬನ್ನಿ. ಕಟ್ಟಡವನ್ನೋ ಗೋಡೆಯ ಮೇಲಿನ ಫಲಕಗಳನ್ನೋ ನೋಡಬೇಡಿ. ವಿದ್ಯಾರ್ಥಿಗಳ ಪತ್ರಿಕೆಯ ಕಳೆದ ಆರು ತಿಂಗಳ ಸಂಚಿಕೆಗಳನ್ನು ಕೇಳಿ ಪಡೆಯಿರಿ; ಅವುಗಳಲ್ಲಿ ಕುಲಪತಿಗಳ ಭಾಷಣವೇ ತುಂಬಿದೆಯೋ, ಹಾಸ್ಟೆಲಿನ ನೀರಿನ ಸಮಸ್ಯೆಯೂ ಬಂದಿದೆಯೋ ಓದಿ ನೋಡಿ. ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರ ಬಳಿ, ಅಧ್ಯಾಪಕರು ತಿದ್ದಿಕೊಟ್ಟ ಬರಹವನ್ನು ತೋರಿಸಲು ಹೇಳಿ. ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯ ಗುರುತುಗಳಿದ್ದರೆ ಧೈರ್ಯವಾಗಿ ಸೇರಿಸಿ.

ಅಷ್ಟರಲ್ಲಿ ನಿಮ್ಮ ಮಗಳಿಗೆ ನನ್ನದೊಂದು ಕೋರಿಕೆ. ನಿಮ್ಮೂರಿನ ಈ ವಾರದ ಸಂತೆಗೆ ಹೋಗಿ, ಐದು ಜನರನ್ನಾದರೂ ಮಾತನಾಡಿಸಿ, 300 ಪದಗಳ ವರದಿಯನ್ನು ಕೈಬರಹದಲ್ಲಿ ಬರೆದು ನನ್ನ ಹೆಸರಿಗೆ ಅಂಚೆಯಲ್ಲಿ ಕಳುಹಿಸಲಿ. ಸಾಲಿನ ನಡುವೆ ಜಾಗ ಬಿಡಲು ಹೇಳಿ. ನಾನೇ ತಿದ್ದಿ ಮರಳಿಸುತ್ತೇನೆ.

ಸಂಪಾದಕ