ಅಪಘಾತವಾದ ಕಾರಿನ ರಿಪೇರಿಗೆ ಗ್ಯಾರೇಜಿನ ಎಸ್ಟಿಮೇಟ್ 92 ಸಾವಿರ, ಇನ್ಶೂರೆನ್ಸ್‌ನವರು ಕೊಡ್ತೀವಿ ಅಂದಿದ್ದು 51 ಸಾವಿರ. ಸಹಿ ಹಾಕಲಾ?

ಇವತ್ತೇ ಹಾಕಬೇಡಿ. ದೋಣಿಗಾಲ್ ಹತ್ತಿರ ಲಾರಿ ಗುದ್ದಿದೆ, ಕಾರಿಗೆ ನಾಲ್ಕೂವರೆ ವರ್ಷ, ನಿಮ್ಮದೇ ಪಾಲಿಸಿಯಲ್ಲಿ ಕ್ಲೇಮ್ ಮಾಡಿದ್ದೀರಿ ಎಂದು ಬರೆದಿದ್ದೀರಿ. 41 ಸಾವಿರ ಎಲ್ಲಿ ಹೋಯಿತು ಅನ್ನೋದು ಸರ್ವೇಯರ್ (ಹಾನಿ ಎಷ್ಟು ಎಂದು ನೋಡಿ ಬರೆಯುವವರು) ರಿಪೋರ್ಟ್‌ನಲ್ಲಿ ಇರುತ್ತದೆ. ಮೊದಲು ಅದರ ಕಾಪಿ ಕೇಳಿ. ಫೋನಲ್ಲಿ ಬೇಡ, ಇಮೇಲ್‌ನಲ್ಲಿ ಕೇಳಿ.

ರಿಪೋರ್ಟ್ ಕೈಗೆ ಬಂದ ಮೇಲೆ ಗ್ಯಾರೇಜಿನ ಎಸ್ಟಿಮೇಟ್ ಪಕ್ಕದಲ್ಲಿಟ್ಟು ಒಂದೊಂದೇ ಸಾಲು ನೋಡಿ. ಕೆಲವು ಕಡಿತಕ್ಕೆ ಜಗಳ ಆಡಿ ಪ್ರಯೋಜನ ಇಲ್ಲ. ಝೀರೋ ಡೆಪ್ (ಪಾರ್ಟ್ ಹಳೆಯದಾಗಿದೆ ಎಂದು ದುಡ್ಡು ಕಡಿಯದ ಸೌಲಭ್ಯ) ಇಲ್ಲದ ಪಾಲಿಸಿಯಾದರೆ ಬಂಪರ್‌ನಂಥ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಅರ್ಧ ದುಡ್ಡೇ ಸಿಗೋದು. ನಿಮ್ಮ ಕಾರಿನ ವಯಸ್ಸಿಗೆ ಬಾನೆಟ್, ಫೆಂಡರ್‌ನಂಥ ಲೋಹದ ಪಾರ್ಟ್‌ಗೆ 35% ಕಡಿತ. 9,000ದ ಬಾನೆಟ್‌ಗೆ 5,850 ಬರುತ್ತದೆ. ಗಾಜಿಗೆ ಮಾತ್ರ ಈ ಕಡಿತ ಇಲ್ಲ. ಪೇಂಟಿಂಗ್ ಬಿಲ್‌ನ ಕಾಲು ಭಾಗವನ್ನು ಬಣ್ಣದ ಖರ್ಚು ಎಂದು ಹಿಡಿದು ಅದರಲ್ಲಿ ಅರ್ಧ ಕತ್ತರಿಸುತ್ತಾರೆ. ಇದರ ಮೇಲೆ 1,500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಸಾವಿರ ರೂಪಾಯಿ ನಿಮ್ಮ ಕೈಯಿಂದ. ಝೀರೋ ಡೆಪ್ ಇದ್ದರೂ ಆ ಸಾವಿರ ತಪ್ಪೋದಿಲ್ಲ.

ಇಷ್ಟೆಲ್ಲ ಕಳೆದ ಮೇಲೂ ಲೆಕ್ಕ ಕೂಡದಿದ್ದರೆ, ಅಲ್ಲಿ ನಿಮ್ಮ ದುಡ್ಡು ಇದೆ. ಸಾಮಾನ್ಯವಾಗಿ ಅದು ಸಿಕ್ಕಿಬೀಳೋದು ಒಂದೇ ಜಾಗದಲ್ಲಿ: ಗ್ಯಾರೇಜ್‌ನವರು ಹೊಸದು ಹಾಕಬೇಕು ಅಂದಿದ್ದನ್ನು ಸರ್ವೇಯರ್ ರಿಪೇರಿ ಸಾಕು ಎಂದು ಬರೆದಿರುತ್ತಾರೆ.

ನನಗೆ ಆಗಿದ್ದೂ ಅದೇ. ಬೇಲೂರು ರಸ್ತೆಯಲ್ಲಿ ರಾತ್ರಿ ಎಮ್ಮೆ ಅಡ್ಡ ಬಂತು. (ಎಮ್ಮೆಗೆ ಏನೂ ಆಗಲಿಲ್ಲ, ಒಂದ್ಸಲ ನನ್ನ ಮುಖ ನೋಡಿ ನಡೆದುಕೊಂಡು ಹೋಯಿತು.) ಎಡಗಡೆ ಹೆಡ್‌ಲೈಟ್ ಎದುರಿನಿಂದ ನೋಡಿದರೆ ಚೆನ್ನಾಗೇ ಇತ್ತು. ಸರ್ವೇಯರ್ ಹತ್ತು ನಿಮಿಷದಲ್ಲಿ ಫೋಟೋ ತೆಗೆದು ಹೋದರು, ಹೆಡ್‌ಲೈಟ್ ಸಾಲಿಗೆ ಸೊನ್ನೆ ಬರೆದರು. ಗ್ಯಾರೇಜಿನ ಹುಡುಗ ‘ಬಿಚ್ಚಿ ತೋರಿಸ್ತೀನಿ ಇರಿ ಸಾರ್’ ಅಂದ. ಬಂಪರ್ ಇಳಿಸಿದಾಗ ಲೈಟನ್ನು ಹಿಡಿದಿಡುವ ಎರಡು ಪ್ಲಾಸ್ಟಿಕ್ ಕಾಲುಗಳು ಬುಡಕ್ಕೇ ಮುರಿದು ಒಳಗೆ ಬಿದ್ದಿದ್ದವು. ಬೆರಳಿನಿಂದ ತಳ್ಳಿದರೆ ಲೈಟ್ ಸಡಿಲ ಹಲ್ಲಿನ ಥರ ಅಲ್ಲಾಡುತ್ತಿತ್ತು. ಮುರಿದ ತುಂಡು, ಗಾಡಿ ನಂಬರ್ ಎರಡೂ ಕಾಣುವ ಹಾಗೆ ಫೋಟೋ ತೆಗೆದು, ಆಮೇಲೆ ಕಂಡ ಹಾನಿಗೆ ಸಪ್ಲಿಮೆಂಟರಿ ಎಸ್ಟಿಮೇಟ್ ಮಾಡಿಸಿ, ಮತ್ತೊಮ್ಮೆ ಸರ್ವೆ ಮಾಡಿ ಎಂದು ಇಮೇಲ್ ಹಾಕಿದೆ. ಮೂರು ಸಲ ನೆನಪಿಸಬೇಕಾಯಿತು. ಕೊನೆಗೆ ಅರ್ಧ ಬೆಲೆ ಒಪ್ಪಿದರು, ಪ್ಲಾಸ್ಟಿಕ್ ಅಲ್ವಾ. ಸರ್ವೇಯರ್ ಕೆಟ್ಟವರೇನಲ್ಲ, ಬಿಚ್ಚದೆ ಇದ್ದದ್ದು ಅವರಿಗೆ ಕಾಣಲಿಲ್ಲ ಅಷ್ಟೆ.

‘ಪೂರ್ಣ ಮತ್ತು ಅಂತಿಮ ತೃಪ್ತಿ’ ಎಂದು ಬರೆದ ವೋಚರ್‌ಗೆ ಸಹಿ ಹಾಕಿದ ಮೇಲೆ ಇದನ್ನೆಲ್ಲ ಕೇಳೋದು ಕಷ್ಟ. ಸಹಿ ಹಾಕದಿದ್ದರೆ ದುಡ್ಡೇ ಬರಲ್ಲ ಎಂದು ಗ್ಯಾರೇಜ್‌ನವರು ಅವಸರ ಮಾಡಿಸುತ್ತಾರೆ. ಅವರಿಗೆ ಗಾಡಿ ಹೊರಗೆ ಕಳಿಸುವ ತುರ್ತು.

ಕಂಪನಿ ಬಗ್ಗದಿದ್ದರೆ ಅದರ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳು ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ಇಂಥ ತಕರಾರು ಬಗೆಹರಿಸುವ, ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಫೀಸ್ ಇಲ್ಲ, ಲಾಯರ್ ಬೇಕಿಲ್ಲ. ಹಾಸನದ ಗ್ರಾಹಕರ ಆಯೋಗವೂ ಇದೆ. ಆದರೆ ಎರಡು-ಮೂರು ಸಾವಿರದ ವ್ಯತ್ಯಾಸಕ್ಕೆ ಇಷ್ಟು ದೂರ ಸುಮ್ನೆ ಹೋಗಬೇಡಿ.

ಜೊತೆಯಲ್ಲಿದ್ದ ತಾಯಿಗೆ ಕೈ ಮುರಿದಿದೆ ಎಂದು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನ್ನ ಪ್ರಕಾರ ಕಾರಿಗಿಂತ ಅದೇ ಮುಖ್ಯ. ಅದು ಬೇರೆಯೇ ಕೇಸ್. ಲಾರಿಯ ಇನ್ಶೂರೆನ್ಸ್ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬೇಕು. ಕಾನೂನಿನಲ್ಲಿ 6 ತಿಂಗಳು ಎಂದಿದೆ, ತಡ ಮಾಡಬೇಡಿ. ಎಫ್‌ಐಆರ್ ಕಾಪಿ, ಎಕ್ಸ್‌ರೇ, ಔಷಧಿ ಬಿಲ್ಲು ಎಲ್ಲ ಒಂದು ಫೈಲಿಗೆ ಹಾಕಿ, ಇಂಥ ಕೇಸ್ ನಡೆಸುವ ಲಾಯರ್ ಒಬ್ಬರನ್ನು ಕಾಣಿ.

ಅದಕ್ಕೂ ಮೊದಲು ಗ್ಯಾರೇಜಿಗೆ ಫೋನ್ ಮಾಡಿ, ಬಿಚ್ಚಿದ ಹಳೆ ಪಾರ್ಟ್ ಒಂದನ್ನೂ ಗುಜರಿಗೆ ಹಾಕಬೇಡಿ ಎಂದು ಹೇಳಿ.