ಆಪ್ತಸಲಹೆ ಪ್ರಕರಣ: ಮೂರು ಬೀಟ್, ಒಂದು ರಾಜೀನಾಮೆ

(ಗುರುತು ಹತ್ತದಂತೆ ವಿವರಗಳನ್ನು ಬದಲಿಸಲಾಗಿದೆ.)

ದೆಹಲಿಯಲ್ಲಿರುವ ಪತ್ರಕರ್ತೆ, ವಯಸ್ಸು 38, ವೃತ್ತಿಯಲ್ಲಿ 13 ವರ್ಷ. ಅವರ ಬೀಟ್ (ವರದಿಗೆ ವಹಿಸಿದ ವಿಷಯಕ್ಷೇತ್ರ) ಮೊದಲು ವಿದೇಶಾಂಗ, ಆಮೇಲೆ ಕ್ರೀಡೆ, ಈಗ ಪರಿಸರ. "ಎಲ್ಲ ಕಡೆ ಕಾಲಿಟ್ಟೆ, ಎಲ್ಲೂ ಬೇರು ಬಿಡಲಿಲ್ಲ" ಎಂಬುದು ಅವರ ಅಳಲು. ಬ್ರೆಜಿಲ್‌ನ ಬೆಲೆಮ್‌ನಲ್ಲಿ 2025ರ ನವೆಂಬರ್‌ನಲ್ಲಿ ನಡೆದ ಹವಾಮಾನ ಶೃಂಗಸಭೆಯಿಂದ ಮರಳಿದ ಆರನೇ ದಿನ, ರಾಜೀನಾಮೆ ಬರೆದಿಟ್ಟುಕೊಂಡೇ ಅವರು ಕರೆ ಮಾಡಿದ್ದರು.

ಮೊದಲು ವಿಚಾರಿಸಿದ್ದು ನಿದ್ರೆಯನ್ನು. ಈ ಶೃಂಗಸಭೆಗಳು ಹೇಳಿದ ದಿನ ಮುಗಿಯುವುದು ಅಪರೂಪ. 2019ರಲ್ಲಿ ಮ್ಯಾಡ್ರಿಡ್‌ನದು ಡಿಸೆಂಬರ್ 13ರ ಬದಲು 15ಕ್ಕೆ, 2024ರಲ್ಲಿ ಬಾಕುವಿನದು ನವೆಂಬರ್ 22ರ ಬದಲು 24ರ ನಸುಕಿಗೆ ಮುಗಿದವು. ಕೊನೆಯ ಎರಡು ದಿನ ಒಪ್ಪಂದದ ಕರಡು ಯಾವಾಗ ಹೊರಬೀಳುತ್ತದೋ ಎಂದು ಕಾಯುತ್ತ ವರದಿಗಾರರು ಕುರ್ಚಿಯಲ್ಲೇ ತೂಕಡಿಸುತ್ತಾರೆ. ಅದರ ಮೇಲೆ ಬೆಲೆಮ್ ನಮಗಿಂತ ಎಂಟೂವರೆ ಗಂಟೆ ಹಿಂದೆ. ಅಲಾರಂ ಇಲ್ಲದಿದ್ದರೆ ಇವರಿಗೆ ಎಚ್ಚರವಾಗುತ್ತಿದ್ದದ್ದು ಮಧ್ಯಾಹ್ನ 12ಕ್ಕೆ. ಆದರೂ ಯಾರೋ ಹೇಳಿದರೆಂದು ಬೆಳಗ್ಗೆ ಏಳೂವರೆಗೇ ಎದ್ದು ಬಿಸಿಲಲ್ಲಿ ವಾಕಿಂಗ್ ಹೋಗುತ್ತಿದ್ದರು. ತಪ್ಪಿದ್ದು ಇಲ್ಲೇ. ಸಹಜವಾಗಿ ಏಳುವ ಹೊತ್ತಿಗೆ ಎರಡು ಗಂಟೆ ಮುಂಚಿನ ಸುಮಾರಿಗೆ ದೇಹದ ಉಷ್ಣತೆ ತಳ ಮುಟ್ಟುತ್ತದೆ. ಅದಕ್ಕಿಂತ ಮೊದಲು ಬೀಳುವ ಬೆಳಕು ದೇಹದ ಗಡಿಯಾರವನ್ನು ಇನ್ನೂ ಹಿಂದಕ್ಕೆ ತಳ್ಳುತ್ತದೆ, ನಂತರದ್ದು ಮುಂದಕ್ಕೆ ತರುತ್ತದೆ. ಹಾಗಾಗಿ ಬೆಳಗ್ಗೆ 10ರವರೆಗೆ ಪರದೆ ಎಳೆದ ಕೋಣೆ ಅಥವಾ ಕಪ್ಪು ಕನ್ನಡಕ, ಆಮೇಲೆ ಎರಡು ಗಂಟೆ ಬಯಲು ಬೆಳಕು. ಈ ವೇಳೆಯನ್ನು ದಿನಕ್ಕೊಂದು ಗಂಟೆ ಮುಂಚೆ ಸರಿಸುತ್ತ ಹೋಗುವುದು. ಮಧ್ಯಾಹ್ನ ಎರಡರ ಮೇಲೆ ಕಾಫಿ ಬೇಡ.

ಯುದ್ಧದ ವಿಡಿಯೊ ಪರಿಶೀಲಿಸಿದ್ದೀರಾ ಎಂದೂ ಕೇಳಲಾಯಿತು. ಅಮೆರಿಕದ ಮನೋವೈದ್ಯಕೀಯ ಕೈಪಿಡಿಯ 2013ರ ಆವೃತ್ತಿಯ ಪ್ರಕಾರ, ಕೆಲಸದ ಭಾಗವಾಗಿ ಪರದೆಯಲ್ಲಿ ಪದೇಪದೇ ನೋಡಿದ್ದೂ ಆಘಾತವೆಂದೇ ಲೆಕ್ಕ. ಇವರು ನೋಡಿದ್ದರು, ಆದರೆ ದುಃಸ್ವಪ್ನವಾಗಲಿ ಬೆಚ್ಚಿಬೀಳುವುದಾಗಲಿ ಇರಲಿಲ್ಲ.

ರಾಜೀನಾಮೆಗೆ ಮೂರು ವಾರದ ತಡೆ ಹಾಕಿಸಿದೆವು. ದಣಿವಿನದಲ್ಲದೆ ಇನ್ನೊಂದು ಕಾರಣವೂ ಇತ್ತು. ಕೇಂದ್ರ ಸರ್ಕಾರದ ಪತ್ರಕರ್ತರ ಮಾನ್ಯತೆ ಕಾರ್ಡಿಗೆ ಸಂಸ್ಥೆಯ ನೌಕರರಿಗೆ 5 ವರ್ಷದ ಅನುಭವ ಸಾಕು, ಸ್ವತಂತ್ರ ಪತ್ರಕರ್ತರಿಗೆ 15 ಬೇಕು. ಈಗ ಬಿಟ್ಟು ಸ್ವತಂತ್ರರಾದರೆ ಕನಿಷ್ಠ ಎರಡು ವರ್ಷ ಕಾರ್ಡಿಲ್ಲದೆ ಸಚಿವಾಲಯಗಳ ಬಾಗಿಲು ತಟ್ಟಬೇಕು. ಪ್ರಕಟವಾದ ಮೇಲಷ್ಟೇ ಹಣ ಬರುವ ಕೆಲಸದಲ್ಲಿ ಆರು ತಿಂಗಳ ಮನೆಖರ್ಚು ಕೈಯಲ್ಲಿರಬೇಕು. ಇವರಲ್ಲಿ ಇದ್ದದ್ದು ಎರಡು ತಿಂಗಳದ್ದು.

"ಬೇರಿಲ್ಲ" ಎಂಬುದು ಮಾತ್ರ ನಮಗೆ ಒಪ್ಪಿಗೆಯಾಗಲಿಲ್ಲ. ವರದಿಗಳನ್ನು ಇಸವಿಯ ಬದಲು ಊರಿನ ಲೆಕ್ಕದಲ್ಲಿ ಜೋಡಿಸಲು ಹೇಳಿದಾಗ ಕತಾರ್‌ನ ದೋಹಾ ಒಂದರಲ್ಲೇ ಮೂರೂ ಬೀಟ್ ಬಂದು ಕೂತವು: 2012ರ ಹವಾಮಾನ ಶೃಂಗಸಭೆ, 2020ರ ಫೆಬ್ರುವರಿ 29ರ ಅಮೆರಿಕ–ತಾಲಿಬಾನ್ ಒಪ್ಪಂದ, 2022ರ ಫುಟ್‌ಬಾಲ್ ವಿಶ್ವಕಪ್. ಆ ವಿಶ್ವಕಪ್ 'ಇಂಗಾಲ ತಟಸ್ಥ' (ಹೊರಬಿಟ್ಟಷ್ಟು ಇಂಗಾಲವನ್ನು ಸರಿದೂಗಿಸಿದ್ದು) ಎಂಬ ಫಿಫಾ ಪ್ರಚಾರ ದಾರಿತಪ್ಪಿಸುವಂಥದ್ದು ಎಂದು ಸ್ವಿಟ್ಜರ್‌ಲ್ಯಾಂಡ್‌ನ ಜಾಹೀರಾತು ಆಯೋಗ 2023ರಲ್ಲಿ ಹೇಳಿತು. ಬರೀ ಕ್ರೀಡಾ ವರದಿಗಾರ ಅದನ್ನು ಒಂದು ಪ್ಯಾರಾದಲ್ಲಿ ಮುಗಿಸಿಬಿಡುತ್ತಾನೆ. ಇವರು ಲೆಕ್ಕದ ಒಳಹೊಕ್ಕು ನೋಡಬಲ್ಲವರು.

ಬಯೋಡೇಟಾವನ್ನೂ ಹಾಗೇ ತಿದ್ದಿಸಿದೆವು. ಮೊದಲ ಸಾಲಿನಲ್ಲಿ ಹುದ್ದೆಯ ಹೆಸರಿಲ್ಲ, "ಜಾಗತಿಕ ಕೂಟಗಳ ಆತಿಥ್ಯದ ಹಿಂದಿನ ಹಣ, ರಾಜತಾಂತ್ರಿಕತೆ, ಪರಿಸರ" ಎಂದಿದೆ. ಅಭ್ಯಾಸಕ್ಕೆ ಕೊಟ್ಟದ್ದು ಸೌದಿ ಅರೇಬಿಯಾ, 2034ರ ವಿಶ್ವಕಪ್‌ನ ಆತಿಥೇಯ. ಸಂಪಾದಕರಿಗೆ 150 ಪದಗಳ ಪ್ರಸ್ತಾವ, ಅದಕ್ಕೆ ಮುಂಚೆ ಮೂರೂ ಬೀಟಿನ ಹಳೆಯ ಡೈರಿಗಳಿಂದ ತಲಾ ಇಬ್ಬರು ಮೂಲಗಳಿಗೆ ಫೋನ್, ಮುಂದಿನ ಭೇಟಿಯೊಳಗೆ.